ಉಪಗ್ರಹ ಅಳೆಯುವ ಗಾಳಿಯ ‘ಕಾಲಂ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬೆಂಗಳೂರಿನ ಹೈಸ್ಕೂಲು ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಯಾವ ಊರಿನ ಮೇಲೆ ಹಸಿರುಮನೆ ಅನಿಲ ಎಷ್ಟಿದೆ ಅಂತ ಉಪಗ್ರಹಗಳು ಹೇಗೆ ಅಳೆಯುತ್ತವೆ ಅನ್ನೋದು ವಿಷಯ. ಎರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲನೆಯದು ‘ಕಾಲಂ’. ಜಪಾನ್ 2009ರಲ್ಲಿ ಹಾರಿಸಿದ ಗೋಸ್ಯಾಟ್, ನಾಸಾ 2014ರಲ್ಲಿ ಹಾರಿಸಿದ ಓಸಿಒ-2, ಇವು ನಮ್ಮ ಮೂಗಿನ ಮಟ್ಟದ ಗಾಳಿಯನ್ನಷ್ಟೇ ನೋಡುವುದಿಲ್ಲ. ನೆಲಕ್ಕೆ ತಾಗಿ ವಾಪಸ್ ಹೋಗುವ ಬಿಸಿಲಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡ ಭಾಗ ಎಷ್ಟು ಅಂತ ನೋಡುತ್ತವೆ. ಹಾಗಾಗಿ ಸಿಗುವುದು ನೆಲದಿಂದ ವಾತಾವರಣದ ತುದಿವರೆಗಿನ ಇಡೀ ಗಾಳಿಯ ಲೆಕ್ಕ. ‘ಸ್ತಂಭ’ ಅಂದರೆ ದೇವಸ್ಥಾನದ ಕಲ್ಲುಕಂಬ ಕಣ್ಣಮುಂದೆ ಬರುತ್ತದೆ, ‘ಕಾಲಂ’ ಅಂತಲೇ ಬಿಟ್ಟರೆ ಪತ್ರಿಕೆಯ ಅಂಕಣ. ‘ಗಾಳಿಕಂಬ’ ಆಗಬಹುದಾ?

ಎರಡನೆಯದೇ ಜಾಸ್ತಿ ತಲೆನೋವು: ಆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟು ಭಾಗ ಇದೆ ಅನ್ನೋದಕ್ಕೆ ಯಾವ ಪದ? ಕೆಲವರು ‘ಸಾಂದ್ರತೆ’ ಅಂತ ಬರೆಯುತ್ತಾರೆ, ಆದರೆ ಶಾಲೆಯಲ್ಲಿ ಅದು ಡೆನ್ಸಿಟಿ. ‘ಪ್ರಮಾಣ’ ಅಂದರೆ ಒಟ್ಟು ಎಷ್ಟು ಅನ್ನೋ ಅರ್ಥ ಬರುತ್ತದೆ, ಅದೂ ತಪ್ಪು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಅಂದರೆ ನಮ್ಮ ತಲೆ ಮೇಲಿನ ಗಾಳಿ ಮಂಗಳೂರಿಗಿಂತ ಹೆಚ್ಚುಕಮ್ಮಿ ಹತ್ತನೇ ಒಂದು ಭಾಗ ಕಡಿಮೆ, ಹಾಗಾಗಿ ಒಟ್ಟು ಲೆಕ್ಕ ಹಿಡಿದರೆ ಇಷ್ಟೊಂದು ಟ್ರಾಫಿಕ್ ಇಟ್ಟುಕೊಂಡೂ ನಾವೇ ಸಾಚಾಗಳು! ಅದಕ್ಕೇ ಓಸಿಒ-2 ಆಕ್ಸಿಜನ್ನನ್ನೂ ಜೊತೆಗೇ ನೋಡುತ್ತದೆ. ಗಾಳಿಯಲ್ಲಿ ಆಕ್ಸಿಜನ್ ಎಷ್ಟು ಭಾಗ ಅನ್ನೋದು ಎಲ್ಲ ಕಡೆ ಒಂದೇ ತಾನೇ, ಅದರಿಂದ ಒಟ್ಟು ಗಾಳಿ ಎಷ್ಟು ಅಂತ ಗೊತ್ತಾಗುತ್ತದೆ. ನೀರಾವಿ ಬಿಟ್ಟು ಉಳಿದ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ ಎಷ್ಟು (ಇದೇ ಪಿಪಿಎಂ), ಅದೇ ಕೊನೆಗೆ ಸಿಗುವ ಅಂಕಿ. ಈಗ ಅದು 420ರ ಆಸುಪಾಸು.

ನನಗೆ ಹೊಳೆದದ್ದು ‘ಪಾಲು’. ‘ಒಣಗಾಳಿಯಲ್ಲಿನ ಪಾಲು’. ಆಸ್ತಿ ಪಾಲು ಇದ್ದಂಗಿದೆ ಅಂತ ನನ್ನ ತಂಗಿ ನಗುತ್ತಾಳೆ, ಆದರೂ ಅರ್ಥ ಸರಿಯಾಗಿ ಕೂರುತ್ತದೆ ಅಲ್ವಾ?

ಊರಿಂದ ಊರಿಗೆ ಇರುವ ಫರಕನ್ನು ‘ಏರುಪೇರು’ ಅಂತ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಏನೋ ಕೆಟ್ಟುಹೋದ ಹಾಗೆ ಕೇಳುತ್ತದೆ. ದೊಡ್ಡ ನಗರಕ್ಕೂ ಸುತ್ತಲಿನ ಹಳ್ಳಿಗಳಿಗೂ ಈ ಅಂಕಿಯಲ್ಲಿ ಇರುವ ಅಂತರ ಕೆಲವೇ ಪಿಪಿಎಂ, ಅದೂ ಮೋಡವಿಲ್ಲದ ದಿನ ಮಾತ್ರ ಕಾಣುತ್ತದೆ. ‘ವ್ಯತ್ಯಾಸ’ ಸಾಕು. ಇನ್ನು ಇದನ್ನೇ ‘ಹೊರಸೂಸುವಿಕೆ’ ಅಂತ ಬರೆಯುವವರಿಗೆ ಏನು ಹೇಳೋಣ? ಅಲ್ಲಿರುವ ಅನಿಲವೆಲ್ಲ ಅಲ್ಲೇ ಹುಟ್ಟಿದ್ದಲ್ಲ, ಗಾಳಿ ಬೇರೆ ಕಡೆಯಿಂದಲೂ ತಂದಿರುತ್ತದೆ.

ಬೇರೆ ಪದ ಹೊಳೆದರೆ ತಿಳಿಸಿ. ‘ಶುಷ್ಕವಾಯು ಸ್ತಂಭ ಸರಾಸರಿ ಮೋಲ್ ಭಿನ್ನಾಂಕ’ ಅಂತ ಮಾತ್ರ ಬೇಡಿ, ಎಂಟನೇ ಕ್ಲಾಸಿನವರು ಎದ್ದು ಓಡುತ್ತಾರೆ.