ಬಟ್ರೆಸ್‌ಗೆ ಏನನ್ನೋಣ? ಶೆಟ್ಟಿಹಳ್ಳಿ ಚರ್ಚಿನ ನೆಪದಲ್ಲಿ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಗದಗ ಕಡೆಯ ಹೈಸ್ಕೂಲ್ ಮಕ್ಕಳು ಬೇಲೂರು, ಹಳೇಬೀಡು ಪ್ರವಾಸಕ್ಕೆ ಹೊರಟಿದ್ದಾರೆ. ಹಾಗೇ ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನೂ ತೋರಿಸಿಕೊಂಡು ಬರುವ ವಿಚಾರವಿದೆ. ಅವರಿಗೆ ಕೊಡಲು ಒಂದು ಸಣ್ಣ ಟಿಪ್ಪಣಿ ಬರೆಯುವ ಕೆಲಸ ನನಗೆ ಬಿದ್ದಿದೆ. ಬೇಲೂರಿನ ಭಾಗ ಸಲೀಸಾಗಿ ಮುಗಿಯಿತು: ಜಗತಿ (ಗುಡಿ ನಿಂತ ಎತ್ತರದ ಕಟ್ಟೆ), ನವರಂಗ (ನಡುವಿನ ಕಂಬಗಳ ಮಂಟಪ), ಸುಕನಾಸಿ (ಗರ್ಭಗುಡಿಯ ಮುಂದಿನ ಸಣ್ಣ ಅಂಕಣ), ಎಲ್ಲವೂ ಮಕ್ಕಳು ಲಕ್ಕುಂಡಿಯ ಗುಡಿಗಳಲ್ಲಿ ಕೇಳಿದ ಮಾತುಗಳೇ. ಚರ್ಚಿಗೆ ಬಂದಾಗ, ಗೋಡೆಗೆ ಹೊರಗಿನಿಂದ ಆನಿಸಿ ಕಟ್ಟುವ ಬಟ್ರೆಸ್‌ನಂಥ ಅಂಗಗಳಿಗೆ ಕನ್ನಡ ಪದ ಸಿಗದೆ ಪೆನ್ನು ನಿಂತುಬಿಟ್ಟಿತು.

ನೋಡದವರಿಗಾಗಿ ಎರಡು ಮಾತು. ಹಾಸನದಿಂದ ಸುಮಾರು 20 ಕಿ.ಮೀ. ದೂರದ ಈ ಹಳ್ಳಿಯ ಚರ್ಚನ್ನು 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಗೋಥಿಕ್ ಎಂಬ ಯುರೋಪಿನ ಹಳೇ ಚರ್ಚುಗಳ ಶೈಲಿಯಲ್ಲಿ ಕಟ್ಟಿಸಿದರು. ಮುಂದೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂತು, ಊರು ಎತ್ತಂಗಡಿಯಾಯಿತು, ಚರ್ಚು ಉಳಿಯಿತು. ಒಳ್ಳೆ ಮಳೆಯಾದ ವರ್ಷ ಹಿನ್ನೀರಿನಲ್ಲಿ ಅರ್ಧ ಮುಳುಗಿ, ಬೇಸಿಗೆಗೆ ಮತ್ತೆ ನೆಲ ಕಾಣುತ್ತದೆ. ಛಾವಣಿ ಎಂದೋ ಹೋಗಿದೆ, ಗಾರೆ ಉದುರಿ ಇಟ್ಟಿಗೆ ಬಯಲಾಗಿದೆ. ಪಾಠ ಮಾಡುವವನಿಗೆ ಇದು ಅನುಕೂಲವೇ ಅನ್ನಿ. ಕಮಾನು ಹೇಗೆ ಕಟ್ಟಿದ್ದಾರೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು.

ಕಮಾನು ಪದದ ಬಗ್ಗೆ ಜಗಳವಿಲ್ಲ. ಫಾರಸಿಯಲ್ಲಿ ಬಿಲ್ಲು ಎಂಬರ್ಥದ ಮಾತು, ಈಗ ನಮ್ಮದೇ. ಆದರೆ ಗೋಥಿಕ್ಕಿನ ಹೆಗ್ಗುರುತಾದ, ತುದಿ ಚೂಪಾದ ಕಮಾನಿಗೆ ಏನೆನ್ನಬೇಕು? ಧಾರವಾಡದ ಹಿರಿಯ ಗೌಂಡಿಯೊಬ್ಬರಿಗೆ ಫೋಟೋ ತೋರಿಸಿ ಕೇಳಿದೆ. "ಇದ್ಯಾಕ್ರೀ ಚರ್ಚಿಂದು? ಮಸೂತಿ ಕಮಾನ ಅಲ್ಲೇನ್ರಿ ಇದು" ಅಂದರು. ನಕ್ಕೆವು, ಆದರೆ ಅವರ ಕಣ್ಣು ಸರಿಯಾದದ್ದನ್ನೇ ಹಿಡಿದಿತ್ತು. ಲಕ್ಷ್ಮೇಶ್ವರದ ಜುಮ್ಮಾ ಮಸೀದಿಯನ್ನು ಆದಿಲಶಾಹಿ ಕಾಲದಲ್ಲಿ, 1617ರಲ್ಲಿ, ಅಂಕುಶಖಾನ ಕಟ್ಟಿಸಿದ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿಗಳು ಧಾರವಾಡಕ್ಕೆ ಕಾಲಿಟ್ಟದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಅಂದರೆ ಈ ಸೀಮೆಯ ಕೈಗಳಿಗೆ ಚೂಪು ಕಮಾನು ಪಾದ್ರಿಗಳು ಬರುವ ಎರಡು ಶತಮಾನ ಮೊದಲೇ ಪಳಗಿತ್ತು. ಹಾಗಾಗಿ 'ಗೋಥಿಕ್ ಕಮಾನು' ಎಂದು ಬರೆಯಲು ನನಗೆ ಮನಸ್ಸಿಲ್ಲ. 'ಚೂಪು ಕಮಾನು' ಎಂದೇ ಇಟ್ಟಿದ್ದೇನೆ. 'ಮೊನಚು ಕಮಾನು' ಎಂದು ಪುಸ್ತಕಗಳಲ್ಲಿ ಕಾಣುತ್ತದೆ, ಅದೂ ಆದೀತು.

ನನ್ನ ನಿಜವಾದ ತೊಡಕು ಬಟ್ರೆಸ್ಸಿನದು. ಗೋಡೆಗೆ ಹೊರಗಿನಿಂದ ಒತ್ತಿಕೊಂಡು, ಬುಡದಲ್ಲಿ ದಪ್ಪವಾಗಿ, ಮೇಲೆ ಹೋದಂತೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣದಾಗುವ ಕಟ್ಟೋಣ ಅದು. ಕಮಾನು ತನ್ನ ಭಾರವನ್ನು ಕೆಳಕ್ಕಷ್ಟೇ ಬಿಡುವುದಿಲ್ಲ, ಎರಡೂ ಬದಿಗೆ ಹೊರಕ್ಕೂ ನೂಕುತ್ತದೆ. ಅರ್ಧವೃತ್ತದ ಕಮಾನಿಗಿಂತ ಚೂಪು ಕಮಾನು ಕಡಿಮೆ ನೂಕುತ್ತದೆ, ಆದರೂ ನೂಕುತ್ತದೆ. ಆ ನೂಕಿಗೆ ಹೊರಗಿನಿಂದ ಎದೆಗೊಡುವುದು ಬಟ್ರೆಸ್. ಅದಿರುವುದರಿಂದಲೇ ನಡುವಿನ ಗೋಡೆಯನ್ನು ತೆಳುವಾಗಿಸಿ ಎತ್ತರದ ಕಿಟಕಿ ಇಡಲು ಬರುತ್ತದೆ.

ಕನ್ನಡದಲ್ಲಿ ಇದಕ್ಕೆ ಪದ ಏಕೆ ಸಿಗುವುದಿಲ್ಲ ಎಂದರೆ, ನಮ್ಮ ಗುಡಿಗಳಿಗೆ ಇದು ಬೇಕಾಗಲೇ ಇಲ್ಲ. ಲಕ್ಕುಂಡಿಯಾಗಲಿ, ಅಣ್ಣಿಗೇರಿಯ ಅಮೃತೇಶ್ವರವಾಗಲಿ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಭಾರ ನೆಟ್ಟಗೆ ಇಳಿಯುತ್ತದೆ, ಪಕ್ಕಕ್ಕೆ ನೂಕುವವರಿಲ್ಲ. ಮಸೀದಿ, ಗುಮ್ಮಟಗಳಲ್ಲಿ ನೂಕು ಇತ್ತು, ಆದರೆ ಬಹಳ ಕಡೆ ಗೋಡೆಯನ್ನೇ ದಪ್ಪ ಕಟ್ಟಿ ಅದನ್ನು ತಡೆದರು. ಪ್ರತ್ಯೇಕ ಅಂಗವಿಲ್ಲದ ಕಡೆ ಪ್ರತ್ಯೇಕ ಹೆಸರು ಎಲ್ಲಿಂದ ಬರಬೇಕು?

ಕಿಟೆಲ್ ಸಾಹೇಬರು ಧಾರವಾಡದಲ್ಲಿದ್ದವರು, ಅವರ ನಿಘಂಟು ನೋಡಬಾರದೇ ಎಂದು ಗೆಳೆಯರೊಬ್ಬರು ಕೇಳಿದರು. 1894ರ ಆ ನಿಘಂಟು ಕನ್ನಡದಿಂದ ಇಂಗ್ಲಿಷಿಗೆ. ನಾನು ಎದುರು ದಿಕ್ಕಿನಿಂದ ಬರುತ್ತಿದ್ದೇನೆ. ಆ ಗೆಳೆಯರೇ 'ಕೊತ್ತಲ' ಎಂದೂ ಸೂಚಿಸಿದರು. ಕೋಟೆಯ ಕೊತ್ತಲ ಕಾವಲಿಗೆ, ಫಿರಂಗಿ ಇಡಲಿಕ್ಕೆ. ಗೋಡೆ ಬೀಳದಂತೆ ಹಿಡಿಯುವುದು ಅದರ ಕೆಲಸವಲ್ಲ. 'ಆಲಂಬನ ಭಿತ್ತಿ' ಎಂಬುದು ಇನ್ನೊಬ್ಬರ ಸಲಹೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬಾಯಿಪಾಠ ಮಾಡಿ ಮರೆಯುವ ಪದ, ಕ್ಷಮಿಸಿ.

ನನ್ನ ಮುಂದೆ ಈಗ ಇರುವುದು ಎರಡು: ಆಸರೆಗೋಡೆ, ಒತ್ತುಗೋಡೆ. ಹಳೇ ಮಣ್ಣಿನ ಮನೆಯ ಗೋಡೆ ಉಬ್ಬಿದರೆ ನಮ್ಮಲ್ಲಿ "ಗ್ವಾಡಿ ಹೊಟ್ಟಿ ಬಿಟ್ಟೈತಿ, ಆಸರ ಕೊಡಬೇಕ" ಅನ್ನುತ್ತಾರೆ. ಅದರಿಂದ ಆಸರೆಗೋಡೆ ಕಿವಿಗೆ ಹಿತ. ಆದರೆ ಅದರಲ್ಲಿ ಮುಪ್ಪಿನ ವಾಸನೆಯಿದೆ, ಕೆಟ್ಟಮೇಲೆ ಕಟ್ಟಿದ್ದು ಅನಿಸುತ್ತದೆ. ಬಟ್ರೆಸ್ ಹಾಗಲ್ಲ, ಪಾಯದಿಂದಲೇ ಗೋಡೆಯ ಜೊತೆ ಏಳುವಂಥದ್ದು. ಫ್ರೆಂಚ್ ಮೂಲದಲ್ಲಿರುವುದು 'ನೂಕು, ಒತ್ತು' ಎಂಬರ್ಥ. ಹಾಗೆ ನೋಡಿದರೆ ಒತ್ತುಗೋಡೆಯೇ ಹತ್ತಿರ. ತೊಂದರೆ ಏನೆಂದರೆ ಒತ್ತು, ಒತ್ತುವರಿ ಕೇಳಿದೊಡನೆ ನಮ್ಮ ಜನಕ್ಕೆ ನೆನಪಾಗುವುದು ಬದುವಿನ ತಕರಾರು. ಪಕ್ಕದ ಮನೆಯವನು ನಮ್ಮ ಜಾಗದಲ್ಲಿ ಎಬ್ಬಿಸಿದ ಗೋಡೆ ಅಂತಲೇ ಮಕ್ಕಳು ತಿಳಿದಾರು.

ಫ್ಲೈಯಿಂಗ್ ಬಟ್ರೆಸ್ಸನ್ನು, ಅಂದರೆ ಗೋಡೆಯಿಂದ ದೂರ ನಿಂತು ಅರ್ಧ ಕಮಾನು ಚಾಚಿ ಅದಕ್ಕೆ ಆನಿಕೊಡುವ, ಪ್ಯಾರಿಸ್ಸಿನ ನೋತ್ರ್‌ದಾಮ್‌ನಲ್ಲಿರುವಂಥದ್ದನ್ನು, ಟಿಪ್ಪಣಿಯಿಂದಲೇ ಕೈಬಿಟ್ಟಿದ್ದೇನೆ. ಹಳ್ಳಿಯ ಚರ್ಚಿಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. 'ಹಾರುವ ಗೋಡೆ' ಎಂದರೆ ಅದು ಯಾರ ಮನೆ ಗೋಡೆ ಎಂದು ಕೇಳುವ ತುಂಟರು ನಮ್ಮಲ್ಲಿ ಕಡಿಮೆ ಇಲ್ಲ.

ನೇವ್, ಅಂದರೆ ಜನ ಕೂರುವ ಉದ್ದನೆಯ ನಡುಭಾಗ, ಇದಕ್ಕೆ 'ನವರಂಗ' ಎನ್ನುವುದು ನನಗೆ ಒಪ್ಪಿಗೆಯಿಲ್ಲ. ನವರಂಗದಲ್ಲಿ ನಿಂತು ದರ್ಶನ ಮಾಡುತ್ತೇವೆ. ಇಲ್ಲಿ ಸಭೆ ಕೂತು ಕೇಳುತ್ತದೆ, ಹಾಡುತ್ತದೆ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಹಡಗು ಎಂದು 'ನೌಕಾಂಗಣ' ಮಾಡಿದರೆ, ಒಳ್ಳೆ ಮಳೆಗೆ ನೀರು ನುಗ್ಗುವ ಶೆಟ್ಟಿಹಳ್ಳಿಯಲ್ಲಿ ಮಕ್ಕಳು ದೋಣಿ ಕಟ್ಟುವ ಜಾಗ ಅಂದುಕೊಳ್ಳುತ್ತಾರೆ. 'ಸಭಾಂಗಣ' ಸಾಕು. ಪೂಜಾಪೀಠದ ಕಡೆಯ ತುದಿಗೆ 'ಗರ್ಭಗುಡಿ' ಬೇಡ, 'ಪೀಠದ ಭಾಗ' ಎಂದು ಬಿಡುತ್ತೇನೆ. ಇಗರ್ಜಿ ಎಂಬ ಚಂದದ ಪದ ಕರಾವಳಿಯವರದು, ಪೋರ್ಚುಗೀಸಿನಿಂದ ಬಂದದ್ದು. ನಮ್ಮ ಕಡೆ ಚರ್ಚು ಅಂದರೇ ತಿಳಿಯುತ್ತದೆ.

ಈಗ ನಿಮ್ಮಲ್ಲಿ ಕೇಳುವುದಿಷ್ಟು. ಹಾವೇರಿ, ಸವಣೂರು, ಬಂಕಾಪುರದ ಕಡೆ ಹಳೇ ಕೋಟೆಗೋಡೆ, ಮಸೀದಿ ರಿಪೇರಿ ಮಾಡುವ ಗೌಂಡಿಗಳು, ವಡ್ಡರ ಮನೆಯವರು ಇಂಥ ಆನಿಕೆಯ ಗೋಡೆಗೆ ಏನನ್ನುತ್ತಾರೆ? ಮರಾಠಿಯಿಂದ ಬಂದ ಮಾತಾದರೂ ಸರಿ, ಬಾಯಲ್ಲಿ ಓಡಾಡುವುದಾಗಿರಲಿ. ಕರಾವಳಿಯ ಇಗರ್ಜಿಗಳಲ್ಲಿ ಕೆಲಸ ಮಾಡಿದ ಮೇಸ್ತ್ರಿಗಳ ಪದ ಗೊತ್ತಿದ್ದರೆ ಅದನ್ನೂ ತಿಳಿಸಿ. ಏನೂ ಸಿಗದಿದ್ದರೆ 'ಆಸರೆಗೋಡೆ' ಎಂದು ಬರೆದು, ಪಕ್ಕದಲ್ಲಿ ಬಾಣದ ಗುರುತಿನ ಚಿತ್ರ ಹಾಕುತ್ತೇನೆ: ಕಮಾನಿನಿಂದ ಹೊರಕ್ಕೊಂದು ಬಾಣ, ಆಸರೆಗೋಡೆಯಿಂದ ಒಳಕ್ಕೊಂದು.