ಪಲ್ಲವಿ ಬರುತ್ತೆ, ಚರಣ ಬರಲ್ಲ. ಏನು ಮಾಡಲಿ?

ಪ್ರಶ್ನೆ: ಎರಡು ವರ್ಷದಿಂದ ಕೀಬೋರ್ಡ್‌ನಲ್ಲಿ ಟ್ಯೂನ್ ಹಾಕುತ್ತಿದ್ದೇನೆ. ಫೋನಿನಲ್ಲಿ 40 ಪಲ್ಲವಿಗಳು ಅರ್ಧಕ್ಕೇ ನಿಂತಿವೆ. ಹೊಸ ಸಾಫ್ಟ್‌ವೇರ್ ತಗೊಂಡರೆ ಸರಿಹೋಗುತ್ತಾ?

ಉತ್ತರ 1: ಸಾಫ್ಟ್‌ವೇರ್ ಬೇಡ. ನಾನೂ ಹೀಗೇ ಒದ್ದಾಡಿದ್ದೇನೆ. ಒಂದು ರಾತ್ರಿ ಮೋಹನ ರಾಗದ ಪಲ್ಲವಿ ಇಟ್ಟುಕೊಂಡು, ಅದೇ ಐದು ಸ್ವರದಲ್ಲಿ ಗಾಂಧಾರವನ್ನೇ (ಗ) ಷಡ್ಜ (ಸ, ಅಂದರೆ ಆಧಾರ ಸ್ವರ) ಮಾಡಿಕೊಂಡು ಹಾಡಿದೆ. ಹಿಂದೋಳ ರಾಗ ಬಂತು! ಚರಣ ಅಲ್ಲೇ ಸಿಕ್ಕಿತು. ರಿಷಭ (ರಿ) ಹಿಡಿದರೆ ಮಧ್ಯಮಾವತಿ ರಾಗ. ಹೀಗೆ ಆಧಾರ ಸ್ವರ ಬದಲಿಸಿ ಬೇರೆ ರಾಗ ಪಡೆಯೋದೇ ಗ್ರಹಭೇದ. ಹುಡುಕುವಾಗ ಮಾತ್ರ ತಂಬೂರಿ ಆ್ಯಪ್ ನಿಲ್ಲಿಸಿ, ಇಲ್ಲದಿದ್ದರೆ ಕಿವಿ ಹಳೇ ಷಡ್ಜಕ್ಕೇ ಜಾರುತ್ತೆ.

ಉತ್ತರ 2: ಚರಣದ ಸಾಲನ್ನು ಮೊದಲು ಗಟ್ಟಿಯಾಗಿ ಓದಿ. ಮೂರು ಮಾತ್ರೆಯ ಗಣ (ಮೂರು ಎಣಿಕೆಯ ಗುಂಪು) ಇದ್ದರೆ ಮೂರರ ಎಣಿಕೆಯ ರೂಪಕ ತಾಳದಲ್ಲಿ ಕೂರಿಸಿ ನೋಡಿ. ಸುಮ್ನೆ ಎಂಟರ ಎಣಿಕೆಯ ಆದಿತಾಳಕ್ಕೆ ಎಳೆಯಬೇಡಿ.

ಕೇಳಿದವರು: ಹಿಂದೋಳ ಮಾಡಿ ನೋಡಿದೆ. ಒಂದು ಹಾಡು ಪೂರ್ತಿ ಮುಗಿಯಿತು! ಇನ್ನು 39.