ಅಪ್‌ಡೇಟ್: ವಿಂಚ್ ಬಿಡುತ್ತೆ, ಎಳೆಯಲ್ಲ - ಕಾರಣ ಸಿಕ್ಕಿತು

12 ವೋಲ್ಟ್ ವಿಂಚ್‌ನಲ್ಲಿ (ಹಗ್ಗ ಸುತ್ತಿ ಭಾರ ಎಳೆಯುವ ಮೋಟರ್ ಯಂತ್ರ) ಹಗ್ಗ ಬಿಡುವ ‘ಔಟ್’ ಸರಿಯಿದೆ, ಎಳೆಯುವ ‘ಇನ್’ ಒತ್ತಿದರೆ ಬರೀ ಟಿಕ್ ಸದ್ದು ಅಂತ ಕೇಳಿದ್ದೆ. ಕೆಟ್ಟಿದ್ದು ಕಾಂಟ್ಯಾಕ್ಟರ್, ಅಂದರೆ ಬಟನ್ ಒತ್ತಿದಾಗ ಬ್ಯಾಟರಿಯ ಕರೆಂಟನ್ನು ಮೋಟರ್‌ಗೆ ಕೊಡುವ ದೊಡ್ಡ ವಿದ್ಯುತ್ ಸ್ವಿಚ್.

ಒಂದು ದಿಕ್ಕಿಗೆ ಸಲೀಸಾಗಿ ತಿರುಗುತ್ತಿದ್ದರೆ ಬ್ಯಾಟರಿ, ಅರ್ತ್, ಬ್ರಷ್ ಬಿಚ್ಚಲು ಹೋಗಬೇಡಿ. ಹಗ್ಗ ಎಳೆಯದಂತೆ ಕ್ಲಚ್ ಫ್ರೀ ಮಾಡಿ, ಮೋಟರ್‌ನ ಎಫ್1, ಎಫ್2, ಎ ಎಂಬ ಮೂರು ಬೋಲ್ಟ್‌ಗಳಿಂದ ಕಾಂಟ್ಯಾಕ್ಟರ್ ವೈರ್‌ಗಳನ್ನು ಬಿಚ್ಚಿ, ಎಫ್2-ಎ ಜೋಡಿಸಿ ಎಫ್1ಗೆ ಪಾಸಿಟಿವ್ ಕೊಟ್ಟೆ; ಆಮೇಲೆ ಎಫ್1-ಎ ಜೋಡಿಸಿ ಎಫ್2ಗೆ. ಎರಡೂ ಕಡೆ ತಿರುಗಿತು, ಮೋಟರ್ ಗಟ್ಟಿಯಿದೆ.

ವೈರ್ ವಾಪಸ್ ಹಾಕಿ, ‘ಇನ್’ ಒತ್ತಿ ಹಿಡಿದು ಕಾಂಟ್ಯಾಕ್ಟರ್‌ನ ಬ್ಯಾಟರಿ ಬೋಲ್ಟ್‌ಗೂ ಎಫ್1 ಬೋಲ್ಟ್‌ಗೂ ಮಲ್ಟಿಮೀಟರ್ ಇಟ್ಟರೆ 12.4 ವೋಲ್ಟ್! ಒಳಗೆ ಕಾಂಟ್ಯಾಕ್ಟ್ ಕೂಡಿದ್ದರೆ ಅಲ್ಲಿ ಅರ್ಧ ವೋಲ್ಟ್ ಕೂಡ ತೋರಿಸಬಾರದು. ಬಿಚ್ಚಿ ನೋಡಿದರೆ ತಾಮ್ರದ ಪಟ್ಟಿ ಕರಿ ಹಿಡಿದು ಗುಳಿ ಬಿದ್ದಿತ್ತು. ಲೋಡ್‌ನಲ್ಲಿ ವೋಲ್ಟೇಜ್ ಕುಸಿದಾಗ ಕಾಂಟ್ಯಾಕ್ಟನ್ನು ಒತ್ತಿಹಿಡಿಯುವ ಕಾಯಿಲ್‌ನ (ವಿದ್ಯುತ್ ಅಯಸ್ಕಾಂತ) ಹಿಡಿತ ಸಡಿಲಾಗಿ ಕಿಡಿ ಹಾರುತ್ತೆ, ತಾಮ್ರ ಸುಡುತ್ತೆ. ಉಜ್ಜಿ ಮತ್ತೆ ಹಾಕುವುದು ನನಗೆ ಒಪ್ಪಿಗೆಯಿಲ್ಲ; ಅಂಟಿಕೊಂಡರೆ ಸ್ವಿಚ್ ಬಿಟ್ಟರೂ ವಿಂಚ್ ನಿಲ್ಲಲ್ಲ.

500 ಆಂಪ್‌ನ ಹೊಸದು ಹಾಕಿದ್ದೇನೆ. ಮೊದಲು ಬ್ಯಾಟರಿ ನೆಗೆಟಿವ್ ತೆಗೆಯಿರಿ, ವೈರ್‌ಗಳ ಫೋಟೋ ಇಟ್ಟುಕೊಳ್ಳಿ. ಬಿಗಿಮಾಡುವಾಗ ಕೆಳಗಿನ ನಟ್ಟನ್ನು ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡಿಯಲೇಬೇಕು, ಬೋಲ್ಟ್ ತಿರುಗಿದರೆ ಒಳಗಿನ ಕನೆಕ್ಷನ್ ಮುರಿಯುತ್ತೆ. ವೋಲ್ಟೇಜ್ ಕುಸಿಯದಂತೆ ಎಳೆಯುವಾಗ ಇಂಜಿನ್ ಆನ್ ಇರಲಿ.